ಬೆಕ್ಕಿನ ಪಾಲಿಗೆ ಬಂದ ಇನ್ಸುಲಿನ್

ಔಷಧದಂಗಡಿಯಲ್ಲಿ ಇನ್ಸುಲಿನ್ ಸಿರಿಂಜ್ ಕೇಳಿದರೆ ಅಂಗಡಿಯವರು ಮೊದಲು ಕೇಳುವುದು ‘ನಲವತ್ತರದ್ದೋ, ನೂರರದ್ದೋ?’ ಎಂದು. ಕೆಂಪು ಮುಚ್ಚಳದ್ದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನಿಗೆ, ಕಿತ್ತಳೆ ಮುಚ್ಚಳದ್ದು 100 ಯೂನಿಟ್ ಇರುವುದಕ್ಕೆ. ಅಮೆರಿಕ, ಯುರೋಪುಗಳಲ್ಲಿ ಮನುಷ್ಯರ ಚಿಕಿತ್ಸೆಯಿಂದ 40ರ ಬಾಟಲಿ ಬಹುಮಟ್ಟಿಗೆ ಮರೆಯಾಗಿ ಕಾಲವಾಯಿತು. ಅಲ್ಲಿ ಅದು ಉಳಿದಿರುವುದು ಮುಖ್ಯವಾಗಿ ನಾಯಿ ಬೆಕ್ಕುಗಳ ಔಷಧವಾಗಿ. ನಮ್ಮಲ್ಲಿ ಇವತ್ತಿಗೂ ಎಷ್ಟೋ ಅಜ್ಜ ಅಜ್ಜಿಯರ ಫ್ರಿಜ್ಜಿನ ಬಾಗಿಲಲ್ಲಿ ಇರುವುದು ಅದೇ. ಹಾಗಾಗಿ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಬೆಕ್ಕಿಗೆ ಸಕ್ಕರೆ ಕಾಯಿಲೆ ಎಂದು ಪಶುವೈದ್ಯರು ಹೇಳಿದಾಗ ಮನೆಯವರಿಗೆ ಸೂಜಿ, ಬಾಟಲಿ ಹೊಸದೇನಲ್ಲ. ಚುಚ್ಚಿಸಿಕೊಳ್ಳಬೇಕಾದ ಜೀವವಷ್ಟೇ ಹೊಸದು.

ಕಾಯಿಲೆಯೂ ನಮ್ಮದರಂತೆಯೇ. ಏಳೆಂಟು ವರ್ಷ ದಾಟಿದ, ಸಂತಾನಹರಣ ಮಾಡಿಸಿದ, ಮನೆಯೊಳಗೇ ಇದ್ದು ಮೈ ಬೆಳೆಸಿಕೊಂಡ ಗಂಡು ಬೆಕ್ಕುಗಳಲ್ಲಿ ಹೆಚ್ಚು. ನೀರಿನ ಬಟ್ಟಲು ಬೇಗ ಬೇಗ ಖಾಲಿಯಾಗುತ್ತದೆ, ಲಿಟರ್ ಟ್ರೇಯ ಮರಳು ಮುದ್ದೆಮುದ್ದೆಯಾಗುತ್ತದೆ, ತಿಂದರೂ ಬೆನ್ನುಮೂಳೆ ಕೈಗೆ ಸಿಗುತ್ತದೆ. ಕೆಲವು ಬೆಕ್ಕುಗಳ ಹಿಂಗಾಲಿನ ನರಗಳು ಸೋತು, ಬೆರಳ ಮೇಲೆ ನಡೆಯುತ್ತಿದ್ದವು ಹಿಮ್ಮಡಿಯನ್ನೇ ನೆಲಕ್ಕೂರಿ ನಡೆಯತೊಡಗುತ್ತವೆ. ಇದಕ್ಕೆ ಕೊಡುವ ಮದ್ದಿನ ಚರಿತ್ರೆಯನ್ನು ಹುಡುಕುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ: ನೂರು ವರ್ಷ ಬೆಕ್ಕಿನ ಪಾಲಿಗೆ ಬಂದದ್ದು ಬಹುಪಾಲು ಮನುಷ್ಯರ ತಟ್ಟೆಯ ಎಂಜಲು. ಆ ಎಂಜಲೂ ನಡುವೆ ಒಮ್ಮೆ ನಿಂತುಹೋಗಿತ್ತು.

ಕಥೆ ಶುರುವಾಗುವುದು ನಾಯಿಯಿಂದ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಆಸ್ಕರ್ ಮಿಂಕೋವ್‌ಸ್ಕಿ ಮತ್ತು ಯೋಸೆಫ್ ಫಾನ್ ಮೇರಿಂಗ್ ಒಂದು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಬಂತು. ಕಾಯಿಲೆಯ ಬುಡ ಎಲ್ಲಿದೆ ಎಂಬುದು ಅಲ್ಲಿ ಗೊತ್ತಾಯಿತು. 1921ರಲ್ಲಿ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಪ್ರೊಫೆಸರ್ ಮೆಕ್‌ಲೌಡ್ ಅವರ ಪ್ರಯೋಗಾಲಯದಲ್ಲಿ, ಹಾಗೆ ಗ್ರಂಥಿ ಕಳೆದುಕೊಂಡ ನಾಯಿಗಳನ್ನು ಗ್ರಂಥಿಯ ಸಾರ ಚುಚ್ಚಿ ಉಳಿಸಿಕೊಂಡರು. ಅವುಗಳಲ್ಲಿ ಮಾರ್ಜರಿ ಎಂಬ ಹೆಣ್ಣುನಾಯಿ ಹೆಸರಾಯಿತು. 1922ರ ಜನವರಿಯಲ್ಲಿ ಮದ್ದು ಹದಿನಾಲ್ಕರ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಬಂತು, ಮರುವರ್ಷವೇ ನೊಬೆಲ್ ಬಂತು. ಕಸಾಯಿಖಾನೆಗಳಲ್ಲಿ ಸಿಗುವ ದನ, ಹಂದಿಗಳ ಗ್ರಂಥಿಯಿಂದ ಇನ್ಸುಲಿನ್ ತೆಗೆಯುವ ದೊಡ್ಡ ಉದ್ಯಮವೇ ಎದ್ದಿತು. ಈ ಇಡೀ ಅಧ್ಯಾಯದಲ್ಲಿ ಬೆಕ್ಕಿಗೆ ಪಾತ್ರವಿಲ್ಲ.

ಆದರೂ ದನದ ಇನ್ಸುಲಿನ್ ಬೆಕ್ಕಿಗೆ ಹೇಳಿ ಮಾಡಿಸಿದಂತಿತ್ತು, ಅದು ಗೊತ್ತಾದದ್ದು ಬಹಳ ತಡವಾಗಿ. ಇನ್ಸುಲಿನ್ 51 ಅಮೈನೋ ಆಮ್ಲಗಳ ಪುಟ್ಟ ಸರಪಳಿ ಜೋಡಿ. ನಾಯಿಯದೂ ಹಂದಿಯದೂ ಅಕ್ಷರಶಃ ಒಂದೇ. ಬೆಕ್ಕಿನದಕ್ಕೂ ದನದ್ದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಕೊಂಡಿಯದು. ಮನುಷ್ಯರದಕ್ಕೂ ಬೆಕ್ಕಿನದಕ್ಕೂ ನಾಲ್ಕು. ಇದು ಯಾರೂ ಯೋಜಿಸಿ ತಂದದ್ದಲ್ಲ, ಪ್ರಕೃತಿಯ ಕಾಕತಾಳೀಯ.

ಮೊದಲ ಇನ್ಸುಲಿನ್ನಿನ ಪ್ರಭಾವ ಕೆಲವೇ ತಾಸು. ಮತ್ತೆ ಮತ್ತೆ ಚುಚ್ಚುವುದನ್ನು ತಪ್ಪಿಸಲು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಹಾಗೆಡಾರ್ನ್ 1936ರಲ್ಲಿ ಅದಕ್ಕೆ ಟ್ರೌಟ್ ಮೀನಿನ ವೀರ್ಯದಿಂದ ತೆಗೆದ ಪ್ರೋಟಮಿನ್ ಎಂಬ ಪ್ರೋಟೀನ್ ಬೆರೆಸಿದರು. ಟೊರಾಂಟೊದವರು ಸತು ಸೇರಿಸಿದರು. ಪಿಜೆಡ್‌ಐ ಎಂದು ಹೆಸರಾದ ಈ ಮದ್ದು ಚರ್ಮದಡಿಯಿಂದ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಬೆಕ್ಕಿನ ಶರೀರ ಇನ್ಸುಲಿನ್ನನ್ನು ನಮ್ಮದಕ್ಕಿಂತ ಬೇಗ ಮುಗಿಸುವುದರಿಂದ ಪಶುವೈದ್ಯರಿಗೆ ಇದು ಪ್ರಿಯವಾಯಿತು. ಅಷ್ಟರಲ್ಲಿ ಮನುಷ್ಯರ ದಾರಿ ತಿರುಗಿತು. 1982ರಲ್ಲಿ ಬ್ಯಾಕ್ಟೀರಿಯಾದೊಳಗೆ ಬೆಳೆಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂದ ಮೇಲೆ ದನ, ಹಂದಿಗಳ ಗ್ರಂಥಿಗೆ ಬೇಡಿಕೆ ಇಳಿಯುತ್ತ ಹೋಯಿತು. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮನುಷ್ಯರಿಗೆಂದು ಪಿಜೆಡ್‌ಐ ಮಾಡುವುದೇ ನಿಂತಿತು. ಪಶುಗಳಿಗೆಂದು ಅದು ಇನ್ನೂ ಕೆಲಕಾಲ ತಯಾರಾಗಿ, ಬಳಿಕ ಅದೂ ನಿಂತು, 2009ರಲ್ಲಿ ಮಾನವ ಇನ್ಸುಲಿನ್ನಿನಿಂದಲೇ ಮಾಡಿದ ಪ್ರೊಜಿಂಕ್ ಎಂಬ ಪಿಜೆಡ್‌ಐಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬೆಕ್ಕಿನ ಮದ್ದೆಂದು ಮುದ್ರೆಯೊತ್ತಿತು. ನಾಲ್ಕು ಕೊಂಡಿಗಳ ವ್ಯತ್ಯಾಸವಿದ್ದರೂ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಈ ನಡುವೆ ಮನುಷ್ಯರ ವಿಜ್ಞಾನಕ್ಕೆ ಬೆಕ್ಕು ಒಂದು ಕಾಣಿಕೆ ಕೊಟ್ಟಿತು, ಅದು ಅಷ್ಟಾಗಿ ಪ್ರಚಾರ ಪಡೆದಿಲ್ಲ. ಮಧುಮೇಹಿಗಳ ಮೇದೋಜೀರಕದಲ್ಲಿ ಇನ್ಸುಲಿನ್ ಸ್ರವಿಸುವ ಕೋಶಗಳ ಸುತ್ತ ಮೇಣದಂಥ ಅಮಿಲಾಯ್ಡ್ ಕಟ್ಟಿಕೊಂಡಿರುವುದನ್ನು ವೈದ್ಯರು ಬಹಳ ಹಿಂದೆಯೇ ಕಂಡಿದ್ದರು. ಅದು ಏನೆಂದು ತಿಳಿದಿರಲಿಲ್ಲ. 1987ರಲ್ಲಿ ಸ್ವೀಡನ್ನಿನ ಪೆರ್ ವೆಸ್ಟರ್‌ಮಾರ್ಕ್ ಮತ್ತು ಸಂಗಡಿಗರು ಮನುಷ್ಯನ ಒಂದು ಗೆಡ್ಡೆಯಲ್ಲೂ ಮಧುಮೇಹದ ಬೆಕ್ಕಿನ ಗ್ರಂಥಿಯಲ್ಲೂ ಇದ್ದ ಆ ಮೇಣ ಒಂದೇ ಪ್ರೋಟೀನಿನಿಂದ ಆದದ್ದೆಂದು ತೋರಿಸಿದರು. ಇಂದು ಅಮಿಲಿನ್ ಎಂದು ಕರೆಯುವುದು ಅದನ್ನೇ. ನಾಯಿಗೆ ಈ ಮೇಣ ಕಟ್ಟುವುದಿಲ್ಲ. ಬೆಕ್ಕಿನ ಮಧುಮೇಹ ನಾಯಿಯದಕ್ಕಿಂತ ನಮ್ಮ ಎರಡನೆಯ ಬಗೆಯ ಮಧುಮೇಹಕ್ಕೆ ಹತ್ತಿರ ಎಂಬುದು ಹೀಗೆ ಸ್ಪಷ್ಟವಾಯಿತು. ಇನ್ಸುಲಿನ್ ಕೋಶಗಳು ಪೂರ್ತಿ ಸತ್ತಿರದೆ ಸೋತು ಸುಮ್ಮನಾಗಿದ್ದರೆ, ಅವಕ್ಕೆ ಬಿಡುವು ಕೊಟ್ಟಾಗ ಮತ್ತೆ ಏಳಬಹುದು.

ಆ ಬಿಡುವು ಕೊಟ್ಟದ್ದು ಮತ್ತೊಂದು ಎರವಲು ಮದ್ದು. ಗ್ಲಾರ್ಜಿನ್ 2000ದಲ್ಲಿ ಮನುಷ್ಯರಿಗಾಗಿ ಬಂದ ಇನ್ಸುಲಿನ್. ಬಾಟಲಿಯಲ್ಲಿ ಹುಳಿ ದ್ರವದಲ್ಲಿ ಕರಗಿದ್ದು, ಚರ್ಮದಡಿಯ ಹುಳಿಯಿಲ್ಲದ ತಟಸ್ಥ ಸ್ಥಿತಿಗೆ ಬಂದಾಗ ಹರಳುಗಟ್ಟಿ, ಅಲ್ಲಿಂದ ಹನಿಹನಿಯಾಗಿ ಬಿಡುಗಡೆಯಾಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಜಾಕಿ ರ‍್ಯಾಂಡ್ ಅವರ ತಂಡ ಹೊಸದಾಗಿ ಕಾಯಿಲೆ ಪತ್ತೆಯಾದ 24 ಬೆಕ್ಕುಗಳನ್ನು ಮೂರು ಪಂಗಡ ಮಾಡಿ ಕಡಿಮೆ ಕಾರ್ಬೋಹೈಡ್ರೇಟಿನ ಆಹಾರದೊಂದಿಗೆ ಮೂರು ಇನ್ಸುಲಿನ್ ಪ್ರಯೋಗಿಸಿತು. ಪಿಜೆಡ್‌ಐ ಪಡೆದ ಎಂಟರಲ್ಲಿ ಮೂರು, ಲೆಂಟೆ ಎಂಬ ಇನ್ನೊಂದು ಇನ್ಸುಲಿನ್ ಪಡೆದ ಎಂಟರಲ್ಲಿ ಎರಡು, ಗ್ಲಾರ್ಜಿನ್ ಪಡೆದ ಎಂಟಕ್ಕೆ ಎಂಟೂ ಬೆಕ್ಕುಗಳು ಇನ್ಸುಲಿನ್ ಬಿಟ್ಟು ಬದುಕುವಷ್ಟು ಚೇತರಿಸಿಕೊಂಡವು. ಸಂಖ್ಯೆ ಚಿಕ್ಕದು, ಅದನ್ನು ಮರೆಯಬಾರದು. ಆದರೆ 2009ರಲ್ಲಿ ರ‍್ಯಾಂಡ್ ಮತ್ತು ಕರ್ಸ್ಟನ್ ರೂಂಪ್ 55 ಬೆಕ್ಕುಗಳ ಮನೆಗಳಲ್ಲೇ ಬರೆದಿಟ್ಟ ಲೆಕ್ಕವನ್ನು ಪ್ರಕಟಿಸಿದರು. ಕಾಯಿಲೆ ಪತ್ತೆಯಾದ ಆರು ತಿಂಗಳೊಳಗೆ ಬಿಗಿಯಾದ ಚಿಕಿತ್ಸೆ ಶುರುವಾದ ಬೆಕ್ಕುಗಳಲ್ಲಿ ಶೇ 84ಕ್ಕೆ ಇನ್ಸುಲಿನ್ ಬೇಡವಾಯಿತು, ತಡ ಮಾಡಿದವುಗಳಲ್ಲಿ ಶೇ 35ಕ್ಕೆ. ಮನುಷ್ಯರಲ್ಲಿ ಜೀವನಪೂರ್ತಿ ಎಂದು ಭಾವಿಸಿದ ಸೂಜಿಯನ್ನು ಬೆಕ್ಕಿನಲ್ಲಿ ನಿಲ್ಲಿಸಬಹುದು ಎಂಬ ಭರವಸೆ ಬಂದದ್ದು ಹೀಗೆ, ಮತ್ತು ಆಸ್ಪತ್ರೆಗಿಂತ ಹೆಚ್ಚಾಗಿ ಅಡುಗೆಮನೆಯ ಮೇಜಿನ ಮೇಲೆ.

ಮನೆ ಎಂದದ್ದು ಅಲಂಕಾರಕ್ಕಲ್ಲ. ಕ್ಲಿನಿಕ್ಕಿನಲ್ಲಿ ಹಿಡಿದು ಕೂರಿಸಿದರೆ ಗಾಬರಿಗೇ ಬೆಕ್ಕಿನ ಸಕ್ಕರೆ ಏರುತ್ತದೆ. ಆ ಒಂದು ಸಂಖ್ಯೆಯನ್ನು ನಂಬಿ ಡೋಸ್ ಏರಿಸಿದರೆ ಅಪಾಯ. ಆದ್ದರಿಂದಲೇ ಕೆಲವು ವಾರಗಳ ಸರಾಸರಿ ಹೇಳುವ ಫ್ರಕ್ಟೊಸಮಿನ್ ಪರೀಕ್ಷೆ ಬಂತು. 2000ದಲ್ಲಿ ಜ್ಯೂರಿಕ್‌ನ ಪಶುವೈದ್ಯರು ಕಿವಿಯಂಚಿನಿಂದ ರಕ್ತ ತೆಗೆದು ಜೇಬಿನ ಮೀಟರಿನಲ್ಲಿ ಅಳೆಯುವ ಕ್ರಮವನ್ನು ತೋರಿಸಿಕೊಟ್ಟರು. ಅದು ಹೀಗೆ: ಕಿವಿಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಬೆಚ್ಚಗೆ ಮಾಡಬೇಕು. ಬೆಳಕಿಗೆ ಹಿಡಿದರೆ ಅಂಚಿನುದ್ದಕ್ಕೆ ಒಂದು ತೆಳು ಗೆರೆ ಕಾಣುತ್ತದೆ, ಅಂಚಿನ ರಕ್ತನಾಳ. ಬೆರಳಿಗೆ ತಾಗದಿರಲೆಂದು ಕಿವಿಯ ಹಿಂದೆ ಮಡಿಸಿದ ಹತ್ತಿ ಇಟ್ಟು, ಗೆರೆಗೂ ಅಂಚಿಗೂ ನಡುವಿನ ರೋಮ ಕಡಿಮೆ ಇರುವ ಜಾಗಕ್ಕೆ ಲ್ಯಾನ್ಸೆಟ್ ಮುಟ್ಟಿಸಿ ಬಿಟ್ಟರೆ ಸಾಸಿವೆ ಕಾಳಿನಷ್ಟು ರಕ್ತ ಏಳುತ್ತದೆ. ಸ್ಟ್ರಿಪ್ ತಾನೇ ಹೀರಿಕೊಳ್ಳುತ್ತದೆ. ಆಮೇಲೆ ಕಿವಿಯನ್ನು ಎರಡು ನಿಮಿಷ ಒತ್ತಿ ಹಿಡಿದು, ಬೆಕ್ಕಿಗೆ ಒಂದು ಚೂರು ಮಾಂಸ ಕೊಟ್ಟರೆ ಮರುದಿನ ಅದೇ ಹತ್ತಿರ ಬಂದು ಕೂರುವುದೂ ಉಂಟು. ಮನುಷ್ಯರ ಗ್ಲೂಕೋಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೆಂದೇ ಸರಿಹೊಂದಿಸಿದ ಮೀಟರುಗಳು ಇವೆ. ಯಾವುದೇ ಇರಲಿ, ಅದೇ ಮೀಟರಿಗೆ ಅಂಟಿಕೊಂಡು ಬರೆದಿಡುವುದು ಮುಖ್ಯ.

ಚುಚ್ಚುವುದು ಇದಕ್ಕಿಂತ ಸುಲಭ. ಸಾಮಾನ್ಯವಾಗಿ 12 ತಾಸಿಗೊಮ್ಮೆ, ಆಹಾರ ಕೊಟ್ಟು, ಪಕ್ಕೆಯ ಸಡಿಲ ಚರ್ಮವನ್ನು ಗುಡಾರದಂತೆ ಎತ್ತಿ, ಆ ಮಡಿಕೆಯ ಬುಡಕ್ಕೆ. ಬೆಕ್ಕು ಉಣ್ಣಲು ತೊಡಗಿದ್ದರೆ ಬಹುಶಃ ತಿರುಗಿಯೂ ನೋಡದು. ತೊಡಕಿರುವುದು ಕೆಂಪು, ಕಿತ್ತಳೆ ಮುಚ್ಚಳದಲ್ಲಿ. ಬೆಕ್ಕಿನ ಚಿಕಿತ್ಸೆ ಶುರುವಾಗುವುದೇ ಸುಮಾರು ಒಂದು ಯೂನಿಟ್ಟಿನಿಂದ. ಗ್ಲಾರ್ಜಿನ್ 100ರದು, ಅದನ್ನು ಅಜ್ಜಿಯ 40ರ ಸಿರಿಂಜಿನಲ್ಲಿ ‘ಒಂದು’ ಗೆರೆವರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಎರಡೂವರೆ. ನಾಲ್ಕು ಕಿಲೋ ಪ್ರಾಣಿಗೆ ಅದು ಸಕ್ಕರೆಯಲ್ಲಿ ತಡೆಯಲಾರದ ಇಳಿತ ತರಬಹುದು: ತೂರಾಟ, ಬಿದ್ದುಹೋಗುವುದು, ಸೆಳವು. ಹಾಗಾದಾಗ ಗ್ಲೂಕೋಸ್ ನೀರನ್ನೋ ಜೇನನ್ನೋ ವಸಡಿಗೆ ಸವರುತ್ತ ವೈದ್ಯರತ್ತ ಓಡಬೇಕು. ಆಹಾರ ಮುಟ್ಟದ ದಿನ ವೈದ್ಯರನ್ನು ಕೇಳದೆ ಪೂರ್ತಿ ಡೋಸ್ ಕೊಡುವುದೂ ಇದೇ ಅಪಾಯ.

ಊಟದ ವಿಷಯಕ್ಕೆ ಬಂದರೆ ನಮ್ಮ ಮನೆಗಳ ಮಮತೆಯೇ ಎದುರು ನಿಲ್ಲುತ್ತದೆ. ಹಾಲನ್ನ, ಮೊಸರನ್ನ ಕಲಸಿ ಮೂಲೆಯ ತಟ್ಟೆಗೆ ಹಾಕುವುದು ಇಲ್ಲಿ ಬೆಕ್ಕು ಸಾಕುವ ಕ್ರಮ. ಅದು ತಿನ್ನುವುದೂ ನಿಜ. ಆದರೆ ತಿನ್ನಲು ಅದಕ್ಕೆ ಸಿಹಿಯ ಆಸೆಯಿಲ್ಲ: ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಸುವ ಜೀನ್ ಕೆಟ್ಟು ಸುಮ್ಮನಿದೆ ಎಂದು 2005ರಲ್ಲಿ ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದ ವಿಜ್ಞಾನಿಗಳು ಕಂಡುಕೊಂಡರು. ಊಟವಾದೊಡನೆ ಏರುವ ಗ್ಲೂಕೋಸನ್ನು ಬಳಸಿಕೊಳ್ಳುವ ಗ್ಲೂಕೋಕೈನೇಸ್ ಎಂಬ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕ್ಷೀಣ. ಇಲಿ, ಹಕ್ಕಿ ಹಿಡಿದು ತಿನ್ನುವ ಬೆಕ್ಕಿನ ಶಕ್ತಿಯಲ್ಲಿ ಕಾರ್ಬೋಹೈಡ್ರೇಟಿನ ಪಾಲು ಸುಮಾರು ಶೇ 2. ಪ್ಯಾಕೆಟ್ಟಿನ ಒಣ ತಿನಿಸನ್ನು ಯಂತ್ರದಲ್ಲಿ ಉಬ್ಬಿಸಿ ಆಕಾರಕ್ಕೆ ತರಲು ಪಿಷ್ಟ ಬೇಕೇಬೇಕು, ಹಾಗಾಗಿ ಅನೇಕವುಗಳಲ್ಲಿ ಆ ಪಾಲು ಮೂರನೇ ಒಂದರ ಹತ್ತಿರ. ಮಧುಮೇಹದ ಬೆಕ್ಕಿಗೆ ಪ್ರೋಟೀನ್ ಹೆಚ್ಚಿರುವ, ಪಿಷ್ಟ ಕಡಿಮೆಯಿರುವ ಡಬ್ಬಿ ಅಥವಾ ಪೌಚಿನ ತೇವಭರಿತ ಆಹಾರವೇ ಲೇಸೆಂಬುದು ಇಂದಿನ ಸಾಮಾನ್ಯ ಮತ. 1990ರ ದಶಕದವರೆಗೂ ಸಲಹೆ ಬೇರೆ ಇತ್ತು, ನಾರು ಹೆಚ್ಚಿರಲಿ ಎಂದು. 2006ರ ಒಂದು ಅಧ್ಯಯನದಲ್ಲಿ ಕಡಿಮೆ ಕಾರ್ಬೋಹೈಡ್ರೇಟಿನದು ಅದನ್ನು ಸೋಲಿಸಿತು.

ಎರಡು ಎಚ್ಚರಿಕೆ. ಇನ್ಸುಲಿನ್ ನಡೆಯುತ್ತಿರುವಾಗ ಆಹಾರ ಒಮ್ಮೆಲೇ ಬದಲಿಸಿದರೆ ಸಕ್ಕರೆ ಧೊಪ್ಪನೆ ಬೀಳುತ್ತದೆ. ಡೋಸನ್ನೂ ಜೊತೆಗೇ ಇಳಿಸಬೇಕಾಗಬಹುದು. ಇನ್ನೊಂದು, ಬರೀ ಬೇಯಿಸಿದ ಕೋಳಿ ಹಾಕಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಸಾಲದಾದರೆ ಹೃದಯದ ಸ್ನಾಯು ಸೋಲುತ್ತದೆ, 1987ರಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ಪಯಾನ್ ತೋರಿಸಿದಂತೆ. ಕ್ಯಾಲ್ಸಿಯಂ ಕೊರತೆಯೂ ಕಾಡುತ್ತದೆ. ಸ್ಥೂಲ ಬೆಕ್ಕನ್ನು ಉಪವಾಸ ಕೆಡವುವುದಂತೂ ಇನ್ನೂ ಕೆಟ್ಟದ್ದು, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಎರವಾಗುತ್ತದೆ. ಮೂತ್ರಪಿಂಡ ಸೋತ ಬೆಕ್ಕಿನ ಲೆಕ್ಕ ಬೇರೆ, ಅದನ್ನು ವೈದ್ಯರೊಡನೆಯೇ ತೀರ್ಮಾನಿಸಬೇಕು.

ಈಚಿನ ಕಥೆ ಸೂಜಿಯಿಲ್ಲದ್ದು. ನಾಯಿಯ ಗ್ರಂಥಿ ತೆಗೆದ ಫಾನ್ ಮೇರಿಂಗ್, ಅದಕ್ಕೂ ಮೊದಲೇ 1886ರಲ್ಲಿ, ಸೇಬಿನ ಮರದ ತೊಗಟೆಯಿಂದ ಬರುವ ಫ್ಲೋರಿಜಿನ್ ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ ಎಂದು ವರದಿ ಮಾಡಿದ್ದರು. ಅದನ್ನು ರೋಗವೆಂದೇ ಅಂದಿನವರು ನೋಡಿದರು. ನೂರು ವರ್ಷದ ಮೇಲೆ ಅದೇ ತತ್ವ ಮದ್ದಾಯಿತು: ಮೂತ್ರಪಿಂಡ ಸಕ್ಕರೆಯನ್ನು ಮತ್ತೆ ಹೀರದಂತೆ ತಡೆದು ಹೊರಗೆ ಬಿಡುವ ಮಾತ್ರೆಗಳು. ಅವುಗಳಲ್ಲೊಂದಾದ ಬೆಕ್ಸಾಗ್ಲಿಫ್ಲೋಜಿನ್‌ಗೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2022ರ ಡಿಸೆಂಬರಿನಲ್ಲಿ ಬೆಕ್ಕುಗಳಿಗೆ, ಮರುತಿಂಗಳು ಮನುಷ್ಯರಿಗೆ! ಈ ಒಂದು ಬಾರಿಗೆ ಊಟದ ಸಾಲಿನಲ್ಲಿ ಬೆಕ್ಕು ಮುಂದೆ ಕೂತಿತು. 2023ರ ಆಗಸ್ಟ್‌ನಲ್ಲಿ ದಿನಕ್ಕೊಮ್ಮೆ ಬಾಯಿಗೆ ಹಾಕುವ ವೆಲಾಗ್ಲಿಫ್ಲೋಜಿನ್ ದ್ರವವೂ ಬಂತು.

ಆದರೆ ಇನ್ಸುಲಿನ್ ಚುಚ್ಚಿಸಿಕೊಂಡ ಬೆಕ್ಕಿಗೆ ಬೆಕ್ಸಾಗ್ಲಿಫ್ಲೋಜಿನ್ ಕೊಡುವಂತಿಲ್ಲ. ಯಾಕೆಂದರೆ ಆ ಬೆಕ್ಕಿನ ಗ್ರಂಥಿಯಲ್ಲಿ ಸ್ವಂತ ಇನ್ಸುಲಿನ್ ಉಳಿದಿಲ್ಲದಿದ್ದರೆ ಕೀಟೋನುಗಳು ಏರಿ ರಕ್ತ ಹುಳಿಯಾಗುತ್ತದೆ, ಅದೂ ಮೀಟರಿನಲ್ಲಿ ಸಕ್ಕರೆ ಸರಿಯಾಗಿಯೇ ಕಾಣುತ್ತಿರುವಾಗ. ಹಾಗಾಗಿ ಮಾತ್ರೆ ಕೊಡುವ ಮೊದಲು ಯಕೃತ್ತು, ಮೂತ್ರಪಿಂಡ, ಕೀಟೋನು ಎಲ್ಲವನ್ನೂ ನೋಡುತ್ತಾರೆ. ಕೊಟ್ಟ ಮೇಲೂ ಬೆಕ್ಕು ಊಟ ಬಿಟ್ಟರೆ, ವಾಂತಿ ಮಾಡಿದರೆ ಸಕ್ಕರೆಯ ಅಂಕಿ ನೋಡಿ ಸುಮ್ಮನಿರದೆ ಮದ್ದು ನಿಲ್ಲಿಸಿ ಅದೇ ದಿನ ಕೀಟೋನು ಪರೀಕ್ಷೆ ಮಾಡಿಸಬೇಕು.