ಗಲ್ಲಾದಲ್ಲಿ ಕೂತವರ ಕಾಗದ

ಮುಂಬಯಿಯ ದಹಿಸರ್ ಪೂರ್ವದ ನಮ್ಮ ವಕೀಲಿ ಕಚೇರಿಗೆ ಹೋಟೆಲಿನವರು ಬರುವುದು ಮಧ್ಯಾಹ್ನ ಮೂರರ ಮೇಲೆ, ಊಟದ ಗಿರಾಕಿಗಳು ಕರಗಿದ ಬಳಿಕ. ಒಂದು ಮಳೆಗಾಲ ಕುಂದಾಪುರ ಕಡೆಯವರೊಬ್ಬರು ಹಾಗೆಯೇ ಬಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

"ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಗ್ತದಂತೆ ವಕೀಲರೇ. ಹತ್ತೊಂಬತ್ತು ವರ್ಷದಿಂದ ಗಲ್ಲಾದಲ್ಲಿ ಕೂತವ ನಾನು. ಹೊಸ ಬಿಲ್ಡಿಂಗಿನಲ್ಲಿ ನಂಗೆ ಗಾಲಾ ಸಿಗ್ತದಲ್ಲ?"

"ಅಗ್ರಿಮೆಂಟ್ ಎಂಥದ್ದು ಅಣ್ಣ?"

"ಕಂಡಕ್ಟಿಂಗ್."

ಮುಂಬಯಿ ಹೋಟೆಲಿನವರಿಗೆ ಈ ಪದ ಗೊತ್ತು. ಗಾಲಾ ಎನ್ನುವ ಅಂಗಡಿ ಜಾಗ, ಲೈಸೆನ್ಸು, ಒಲೆ, ಮೇಜು ಎಲ್ಲ ಧಣಿಯದು. ನಡೆಸುವವರು ಡಿಪಾಸಿಟ್ ಇಟ್ಟು, ತಿಂಗಳಿಗೆ ಇಷ್ಟೆಂದು ಕೊಟ್ಟು, ಉಳಿದದ್ದನ್ನು ತಾವಿಟ್ಟುಕೊಳ್ಳುತ್ತಾರೆ. ಊರಿನಿಂದ ಬರಿಗೈಯಲ್ಲಿ ಬಂದು ಕಪ್ಪುಬಸಿ ತೊಳೆದವರು ಗಲ್ಲಾಕ್ಕೆ ಏರಿದ್ದು ಈ ಏಣಿಯಿಂದ. ನನ್ನ ತಂದೆಯೂ ಏರಿದ್ದು ಇದರಿಂದಲೇ. ಆದರೆ ಇಂಥ ಕಾಗದ ಸಾಮಾನ್ಯವಾಗಿ ಕೊಡುವುದು ವ್ಯಾಪಾರ ನಡೆಸುವ ಅನುಮತಿಯನ್ನು. ಜಾಗದ ಮೇಲಿನ ಹಕ್ಕನ್ನಲ್ಲ. ಅನುಮತಿಗೂ ಬಾಡಿಗೆಗೂ ಇರುವ ಗೆರೆಯನ್ನು ಸುಪ್ರೀಂ ಕೋರ್ಟ್ 1959ರಲ್ಲಿ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಆ ಪ್ರಕರಣ ಹುಟ್ಟಿದ್ದು ದೆಹಲಿಯ ಹೋಟೆಲೊಂದರೊಳಗಿನ ಕ್ಷೌರದಂಗಡಿಯಿಂದ. ಕಾಗದದ ತಲೆಬರಹ ಏನೇ ಇರಲಿ, ಒಳಗಿನ ತಿರುಳು ನೋಡಬೇಕು ಎಂಬುದು ಅದರ ಸಾರ. ನಾನೂ ಅಣ್ಣನ ಕಾಗದದ ತಿರುಳು ನೋಡಿದೆ. ಬೀಗದ ಕೈಯೊಂದು ಧಣಿಯ ಬಳಿಯೇ ಇರತಕ್ಕದ್ದು ಎಂದು ಸ್ಪಷ್ಟವಾಗಿ ಬರೆದಿತ್ತು. ಬಾಡಿಗೆದಾರನೆಂದು ವಾದಿಸಲು ಹೆಚ್ಚೇನೂ ಉಳಿದಿರಲಿಲ್ಲ.

2022ರ ಏಪ್ರಿಲ್ 2ರಂದು ದಹಿಸರ್‌ಗೆ ಮೆಟ್ರೊ ಬಂತು. ಅದು ಬಂದ ಮೇಲೆ ಇಲ್ಲಿನ ಹಳೆಯ ಕಟ್ಟಡಗಳ ಸೊಸೈಟಿ ಮೀಟಿಂಗುಗಳಲ್ಲಿ ಈಗ ರಿಡೆವಲಪ್‌ಮೆಂಟಿನದೇ ಮಾತು. 2019ರ ಜುಲೈ 4ರ ಸರಕಾರಿ ಆದೇಶದಂತೆ ಒಟ್ಟು ಸದಸ್ಯರಲ್ಲಿ ಶೇಕಡಾ 51 ಮಂದಿಯ ಲಿಖಿತ ಒಪ್ಪಿಗೆ ಬೇಕು. ಗಾಲಾದ ಮಟ್ಟಿಗೆ ಸದಸ್ಯ ಎಂದರೆ ಅದರ ಧಣಿ. ಅಲ್ಲಿ ಹತ್ತೊಂಬತ್ತು ವರ್ಷ ಇಡ್ಲಿ ಬೇಯಿಸಿದವರಿಗೆ ಆ ಸಭೆಯಲ್ಲಿ ಕುರ್ಚಿಯಿಲ್ಲ. ಹೇಳಲು ನನಗೆ ಬಾಯಿ ಬರಲಿಲ್ಲ, ಆದರೂ ಹೇಳಿದೆ.

ಅಣ್ಣನ ಚೀಲದಲ್ಲಿ ಸೊಸೈಟಿಯ ನೋಟಿಸೂ ಇತ್ತು. ಕಟ್ಟಡದ ನೆಲ ಇನ್ನೂ ಹಳೆಯ ಬಿಲ್ಡರನ ಹೆಸರಿನಲ್ಲೇ! ಬೇರೆ ಕರಾರಿಲ್ಲದಿದ್ದರೆ, ಸೊಸೈಟಿ ನೋಂದಣಿಯಾದ ನಾಲ್ಕು ತಿಂಗಳೊಳಗೆ ಬಿಲ್ಡರ್ ಕನ್ವೇಯನ್ಸ್, ಅಂದರೆ ನೆಲವನ್ನು ಸೊಸೈಟಿಯ ಹೆಸರಿಗೆ ಬರೆದುಕೊಡುವ ಪತ್ರ, ಮಾಡಿಕೊಡಬೇಕೆಂದು 1963ರ ಮೋಫಾ (ಮಹಾರಾಷ್ಟ್ರ ಫ್ಲ್ಯಾಟ್ ಮಾಲೀಕತ್ವ) ಕಾಯ್ದೆಯ ನಿಯಮ ಹೇಳುತ್ತದೆ. ಮಾಡಿಕೊಡದಿದ್ದರೆ ಡೀಮ್ಡ್ ಕನ್ವೇಯನ್ಸ್: ಸಹಕಾರ ಇಲಾಖೆಯ ಜಿಲ್ಲಾ ಉಪ ನಿಬಂಧಕರಿಗೆ ಅರ್ಜಿ ಹಾಕಿದರೆ ಅವರು ಆರು ತಿಂಗಳೊಳಗೆ ತೀರ್ಮಾನಿಸಬೇಕು. ಈ ದಾರಿ 2008ರಲ್ಲಿ ತೆರೆಯಿತು. ಆದರೂ ಹೊಸ ಬಿಲ್ಡರ್ ಬಂದು ಕೇಳುವ ತನಕ ಮಲಗಿದ್ದ ಸೊಸೈಟಿಗಳನ್ನು ನಾನು ಎಷ್ಟೋ ಕಂಡಿದ್ದೇನೆ.  

ಕನ್ವೇಯನ್ಸಿನ ಈ ವಿಳಂಬವೇ ನಮಗೆ ಒದಗಿದ ಪುಣ್ಯ. ಕನ್ವೇಯನ್ಸ್ ಆಗುವ ತನಕ ಸೊಸೈಟಿ ಹೊಸ ಬಿಲ್ಡರನೊಂದಿಗೆ ಸಹಿ ಹಾಕುವಂತಿರಲಿಲ್ಲ. ಆ ಸಮಯದಲ್ಲಿ ಧಣಿಯ ಮನೆಗೆ ಮೂರು ಸಲ ಹೋದೆವು. ಮೂರನೆಯ ಸಲ ಧಣಿಯ ಹೆಂಡತಿ, "ಅವರು ನಮ್ಮ ಹೋಟೆಲಿನ ಹೆಸರು ಉಳಿಸಿದವರು" ಎಂದರು. ಗಾಲಾ ಬಿಡುವ ದಿನವೇ ಡಿಪಾಸಿಟ್ ವಾಪಸು, ಹೊಸ ಗಾಲಾ ಬಂದಾಗ ನಡೆಸುವ ಮೊದಲ ಅವಕಾಶ ಅಣ್ಣನಿಗೆ ಎಂದು ಬರೆದು, ಮುದ್ರಾಂಕ ಶುಲ್ಕ ಕಟ್ಟಿ ನೋಂದಣಿ ಮಾಡಿಸಿದೆವು.

ಅಣ್ಣ ಈಗ ರಾವಲ್‌ಪಾಡಾದ ಸಣ್ಣ ಗಾಲಾದಲ್ಲಿ ಇಡ್ಲಿ, ವಡೆ ಮಾತ್ರ ಮಾಡುತ್ತಾರೆ. ಆ ಕಾಗದದ ಜೆರಾಕ್ಸ್ ಗಲ್ಲಾದೊಳಗೆ, ಚಿಲ್ಲರೆಯ ಡಬ್ಬಿಯ ಅಡಿಯಲ್ಲಿದೆ.