ಟಿಬೆಟನ್ ಗೆಳೆಯರ ಪ್ರಶ್ನೆಗೆ ಉತ್ತರವಿದೆಯೇ?

2017ರ ಏಪ್ರಿಲ್‌ನಲ್ಲಿ ನಂಜನಗೂಡು ವಿಧಾನಸಭಾ ಕ್ಷೇತ್ರದ ಉಪಚುನಾವಣೆಯ ಪ್ರಚಾರ ಬಿರುಸಾಗಿದ್ದಾಗ, ಬೈಲುಕುಪ್ಪೆಯ ಹಳೆಯ ಪರಿಚಿತರೊಬ್ಬರು ಸೋಸಲೆಯ ನಮ್ಮ ಮನೆಗೆ ಬಂದಿದ್ದರು. ಹುಟ್ಟಿ ಬೆಳೆದದ್ದು ಮೈಸೂರು ಜಿಲ್ಲೆಯಲ್ಲೇ. ಕನ್ನಡ ನಮ್ಮಷ್ಟೇ ಸರಾಗ. ಆದರೆ ಸರ್ಕಾರಿ ಕಡತಗಳಲ್ಲಿ ಅವರು ವಿದೇಶಿ. ಕಾಫಿ ಕುಡಿಯುತ್ತಾ ಅವರು ಕೇಳಿದರು: ‘ಸಾರ್, 2013ರಲ್ಲಿ ಶ್ರೀನಿವಾಸ ಪ್ರಸಾದ್ ಅವರು ಕಾಂಗ್ರೆಸ್, ಕಳಲೆ ಕೇಶವಮೂರ್ತಿ ಅವರು ಜನತಾ ದಳ. ಈಗ ಅವರು ಬಿಜೆಪಿ, ಇವರು ಕಾಂಗ್ರೆಸ್. ಹಾಗಾದರೆ ಮತ ಹಾಕುವವರು ಯಾವ ಪಕ್ಷದವರು?’

ಹಲವು ಚುನಾವಣೆಗಳಲ್ಲಿ ಕರ್ತವ್ಯ ನಿರ್ವಹಿಸಿದ್ದ ನನಗೆ ಉತ್ತರ ಹೊಳೆಯಲಿಲ್ಲ.

ಪ್ರಶ್ನೆ ಕೇಳಿದವರು ಪ್ರಜಾಪ್ರಭುತ್ವಕ್ಕೆ ಹೊಸಬರಲ್ಲ. ಅಂದಿನ ಮೈಸೂರು ರಾಜ್ಯ ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ನೀಡಿ ಟಿಬೆಟನ್ನರಿಗೆ ನೆಲೆ ಕಲ್ಪಿಸಿದ ಆ ವರ್ಷಗಳಲ್ಲೇ, 1960ರ ಸೆಪ್ಟೆಂಬರ್ 2ರಂದು, ಅವರ ಮೊದಲ ಚುನಾಯಿತ ಪ್ರತಿನಿಧಿಗಳು ಪ್ರಮಾಣವಚನ ಸ್ವೀಕರಿಸಿದ್ದರು. ಇಂದು ದೇಶಭ್ರಷ್ಟ ಟಿಬೆಟನ್ನರ ಸಂಸತ್ತಿನಲ್ಲಿ 45 ಸ್ಥಾನಗಳಿವೆ. 2021ರಲ್ಲಿ ಅವರ ಆಡಳಿತದ ಮುಖ್ಯಸ್ಥರಾಗಿ ಆಯ್ಕೆಯಾದ ಪೆನ್ಪಾ ತ್ಸೆರಿಂಗ್ ಬೈಲುಕುಪ್ಪೆಯಲ್ಲೇ ಜನಿಸಿದವರು. ಅಲ್ಲಿ ಪಕ್ಷಗಳ ಆಧಾರದ ಮೇಲೆ ಸ್ಪರ್ಧೆ ನಡೆಯುವುದಿಲ್ಲ. ಪ್ರಾಂತ್ಯ ಮತ್ತು ಧಾರ್ಮಿಕ ಪಂಥಗಳಿಂದ ಪ್ರತಿನಿಧಿಗಳು ಬರುತ್ತಾರೆ. ಪಕ್ಷವಿಲ್ಲದ ಮಾತ್ರಕ್ಕೆ ಗುಂಪುಗಾರಿಕೆ ಇಲ್ಲವೆಂದಲ್ಲ. 2021ರಲ್ಲಿ ಪ್ರಮಾಣವಚನದ ವಿಧಾನದ ಬಗೆಗೆ ಎದ್ದ ವಿವಾದದಿಂದ ಆ ಸಂಸತ್ತು ಕೆಲವು ತಿಂಗಳು ಸ್ಥಗಿತಗೊಂಡಿತ್ತು.

ಆದ್ದರಿಂದ ಪಕ್ಷಗಳು ಬೇಡವೆಂಬುದು ನನ್ನ ವಾದವಲ್ಲ. ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಪಕ್ಷದ ಹೆಸರು ಡಬ್ಬಿಯ ಮೇಲಿನ ಚೀಟಿಯಿದ್ದಂತೆ. ಪ್ರತಿಯೊಬ್ಬ ಅಭ್ಯರ್ಥಿಯ ನಿಲುವನ್ನೂ ಅಳೆದು ನೋಡುವಷ್ಟು ಬಿಡುವು ಮತದಾರನಿಗೆ ಇರುವುದಿಲ್ಲ. ಚೀಟಿ ಆ ಶ್ರಮವನ್ನು ಉಳಿಸುತ್ತದೆ. ಆದರೆ ಚೀಟಿ ಒಂದು, ಒಳಗಿನ ಸರಕು ಇನ್ನೊಂದು ಎಂದಾದರೆ ಅದನ್ನು ಓದಿ ಪ್ರಯೋಜನವೇನು?

2019ರಲ್ಲಿ ನಮ್ಮ ವಿಧಾನಸಭೆಯ 17 ಶಾಸಕರು ಅನರ್ಹಗೊಂಡರು. ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅವಕಾಶ ನೀಡಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಅವರಲ್ಲಿ ಬಹುಪಾಲು ಮಂದಿ ಹೊಸ ಪಕ್ಷದ ಚಿಹ್ನೆಯಡಿ ಗೆದ್ದು ಬಂದರು. ನಮ್ಮ ಜಿಲ್ಲೆಯ ಹುಣಸೂರಿನ ಮತದಾರರು ಮಾತ್ರ ಎ.ಎಚ್. ವಿಶ್ವನಾಥ್ ಅವರನ್ನು ಸೋಲಿಸಿದರು. ಮರುವರ್ಷವೇ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇನ್ನು 2018ರಲ್ಲಿ ಕಾಂಗ್ರೆಸ್ಸಿನೊಡನೆ ಸರ್ಕಾರ ರಚಿಸಿದ್ದ ಜನತಾ ದಳ (ಜಾತ್ಯತೀತ) 2023ರಲ್ಲಿ ಬಿಜೆಪಿಯ ಕೈ ಹಿಡಿಯಿತು. ಇಟಲಿಯ ಸಂವಿಧಾನದ 67ನೇ ವಿಧಿಯು ಸಂಸದರನ್ನು ಯಾರ ಆದೇಶಕ್ಕೂ ಕಟ್ಟುಬೀಳದಂತೆ ಬಿಟ್ಟಿದೆ. ಅಲ್ಲಿ ಪಕ್ಷಾಂತರ ನಡೆದರೆ ಅಚ್ಚರಿಯಿಲ್ಲ. ನಾವಾದರೋ 1985ರಲ್ಲೇ ಪಕ್ಷಾಂತರ ನಿಷೇಧ ಕಾಯ್ದೆ ತಂದವರು!

ನನ್ನ ಪರಿಚಿತರ ಪ್ರಶ್ನೆ ಕೇವಲ ಕುತೂಹಲದ್ದಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಜನ್ಮದಿಂದಲೇ ಇಲ್ಲಿನ ಪ್ರಜೆಗಳು. ಈ ಅವಧಿಯಲ್ಲಿ ಹುಟ್ಟಿದ ಟಿಬೆಟನ್ನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವಂತೆ 2014ರಲ್ಲಿ ಚುನಾವಣಾ ಆಯೋಗ ಸೂಚಿಸಿತು. ನಿರಾಶ್ರಿತರೆಂಬ ನೆಲೆ ಕೈತಪ್ಪೀತೆಂಬ ಅಳುಕಿನಿಂದ ಹಲವರು ಹಿಂಜರಿದರು. ಅರ್ಹರಾಗಿದ್ದೂ ಅವರೂ ಅರ್ಜಿ ಹಾಕಿರಲಿಲ್ಲ. ಏಕೆಂದು ಕೇಳಿದೆ. ‘ಓದಿ ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಕಚೇರಿಯಲ್ಲಿ ನೀವೇ ಹೇಳುತ್ತಿದ್ದಿರಲ್ಲ ಸಾರ್,’ ಎಂದು ನಕ್ಕರು.

ಆ ಕಾಗದವನ್ನು ಓದುವಂತೆ ಮಾಡುವುದು ನಮ್ಮ ಹೊಣೆ. ರಾಜೀನಾಮೆಯಿತ್ತು ಪಕ್ಷ ಬದಲಿಸಿದವರು ಆ ಸದನದ ಅವಧಿ ಮುಗಿಯುವವರೆಗೆ ಸ್ಪರ್ಧಿಸದಂತೆ, ನಾಮಕರಣಕ್ಕೂ ಅರ್ಹರಾಗದಂತೆ ಸಂವಿಧಾನದ ಹತ್ತನೇ ಅನುಸೂಚಿಯನ್ನು ತಿದ್ದುಪಡಿ ಮಾಡಬೇಕು. ಇದರಿಂದ ಎಲ್ಲವೂ ಸರಿಹೋಗದು. ಆದರೆ ಮತ ಪಡೆದವರು ಐದು ವರ್ಷವಾದರೂ ಕೊಟ್ಟ ಮಾತಿಗೆ ಕಟ್ಟುಬಿದ್ದಾರು. ಬೈಲುಕುಪ್ಪೆಯವರು ಅರ್ಥವಾಗದ ಕಾಗದವನ್ನು ಪಕ್ಕಕ್ಕಿಟ್ಟರು. ಸೋಸಲೆಯ ನಾವು ಪ್ರತಿ ಚುನಾವಣೆಯಲ್ಲೂ ಸಹಿ ಹಾಕುತ್ತಲೇ ಇದ್ದೇವೆ.