ಕೂರಿಗೆಯ ಹಿಂದೆ ನಡೆಯುವಾಕೆ

ಆಶ್ವಯುಜ ಮಾಸದಲ್ಲಿ ಬಾಗಲಕೋಟೆಯಿಂದ ಅಮೀನಗಡದ ಮೇಲೆ ಹುನಗುಂದಕ್ಕೆ ಹೋಗುವವರಿಗೆ ರಸ್ತೆಯ ಎರಡೂ ಬದಿ ಹರಗಿ ಹದಗೊಳಿಸಿದ ಎರೆಹೊಲಗಳು ಕಾಣಿಸುತ್ತವೆ. ಇಂಗ್ಲಿಷ್ ಸಾಹಿತ್ಯವನ್ನು ಓದಿ ಬೆಳೆದ ನಮ್ಮಂಥವರ ಮನಸ್ಸಿನಲ್ಲಿ ಶರದೃತುವೆಂದರೆ ಎಲೆ ಉದುರುವ ಕಾಲ. ಸುಗ್ಗಿ ಮುಗಿಸಿ, ಕಣಜ ತುಂಬಿ, ಚಳಿಗಾಲಕ್ಕೆ ಸಿದ್ಧರಾಗುವ ಕಾಲ. ಈ ಸೀಮೆಯ ಎರೆಭೂಮಿಗೆ ಮಾತ್ರ ಅದು ಆರಂಭದ ಕಾಲ. ಉತ್ತರಿ ಮತ್ತು ಹಸ್ತ ಮಳೆಗಳು ನೆಲದೊಳಗೆ ಇಳಿಸಿಟ್ಟ ತೇವವನ್ನೇ ನಂಬಿ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬಿತ್ತುವ ಹಿಂಗಾರಿ ಹಂಗಾಮು ಆಗಲೇ ಶುರುವಾಗುತ್ತದೆ. ಆಮೇಲೆ ಚಿತ್ತಿ, ಸ್ವಾತಿ ಮಳೆಗಳು ಬಂದರೆ ಭಾಗ್ಯ. ಬಾರದಿದ್ದರೆ ಇಬ್ಬನಿಯೇ ಗತಿ.

1997ರಲ್ಲಿ ವಿಜಾಪುರದಿಂದ ಬೇರ್ಪಟ್ಟು ರಚನೆಯಾದ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಎಂಬ ಮೂರು ನದಿಗಳು ಹರಿಯುತ್ತವೆ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಬಹುಭಾಗವನ್ನು ನುಂಗಿದೆ. ಆದರೂ ಕಾಲುವೆ ತಲುಪದ ಹೊಲಗಳ ಪಾಲಿಗೆ ನದಿ ಎಂಬುದು ಊರಾಚೆಯ ಸುದ್ದಿಯಷ್ಟೆ. ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರಿಗಿಂತ ಕಡಿಮೆ. ಅದನ್ನು ಬಿದ್ದಲ್ಲೇ ಇಂಗಿಸಿಕೊಳ್ಳಲು ಹೊಲದ ಸುತ್ತ ಒಡ್ಡು ಹಾಕಿ, ಹೆಚ್ಚಾದ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗದಂತೆ ಕಲ್ಲಿನ ಕಟ್ಟು ಕಟ್ಟುವ ಜಾಣ್ಮೆಗೆ ಹುನಗುಂದದ ಒಣಬೇಸಾಯ ಹೆಸರಾಗಿದೆ.

ಅಂಥದೊಂದು ಒಡ್ಡಿನ ಹೊಲ ಹುನಗುಂದ ಸಮೀಪದ ದಂಪತಿಗಳದು, ಒಟ್ಟು ನಾಲ್ಕೆಕರೆ. ಸೇವೆಯಲ್ಲಿದ್ದಾಗ ಪರಿಚಯವಾದ ಆ ಮನೆಗೆ ನಿವೃತ್ತಿಯ ನಂತರವೂ ವರ್ಷಕ್ಕೊಮ್ಮೆ ಹೋಗಿಬರುವುದು ನನ್ನ ರೂಢಿ. ಇಬ್ಬರಿಗೂ ಐವತ್ತು ದಾಟಿದೆ. ಒಂದು ಜೊತೆ ಎತ್ತು, ಒಂದು ಎಮ್ಮೆ, ನಾಲ್ಕಾರು ಕೋಳಿ. ಈ ಭಾಗದ ಅನೇಕ ಯುವಕರಂತೆ ಮಗ ಗೋವೆಯಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ಈ ಸಲ ಬಿತ್ತನೆಯ ಹಿಂದಿನ ಸಂಜೆ ಹೋಗಿ ಮರುದಿನವಿಡೀ ಅಲ್ಲೇ ಉಳಿದೆ. ಅರ್ಥಶಾಸ್ತ್ರ ಓದಿದವನ ಹಳೆಯ ಚಟ ಬಿಡದೆ, ಯಾರು ಯಾವ ಕೆಲಸವನ್ನು ಎಷ್ಟು ಹೊತ್ತು ಮಾಡುತ್ತಾರೆ ಎಂಬುದನ್ನು ಡೈರಿಯಲ್ಲಿ ಗುರುತು ಹಾಕಿಕೊಂಡೆ.

ಆಕೆ ಎದ್ದದ್ದು ನಾಲ್ಕೂವರೆಗೆ. ಸೆಗಣಿ ಬಾಚಿ, ಅಂಗಳ ಗುಡಿಸಿ, ನೀರು ತುಂಬಿ, ಎಮ್ಮೆ ಹಿಂಡಿ, ಒಲೆ ಹೊತ್ತಿಸಿದಳು. ಆತ ಐದೂವರೆಗೆ ಎದ್ದು ಎತ್ತುಗಳಿಗೆ ಮೇವು ಹಾಕಿ, ಹೊಲಕ್ಕೆ ಹೋಗಿ, ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ಹದ ನೋಡಿ ಬಂದ. ಅಷ್ಟರಲ್ಲಿ ರೊಟ್ಟಿ ಬಡಿಯುವ ಸದ್ದು ಮುಗಿದು, ಬುಟ್ಟಿಯಲ್ಲಿ ರೊಟ್ಟಿ, ಝುಣಕ, ಗುರೆಳ್ಳು ಚಟ್ನಿ, ಮಜ್ಜಿಗೆ ಅಣಿಯಾಗಿದ್ದವು. ಏಳೂವರೆಗೆ ಕೂರಿಗೆ ಹೂಡಿದರು. ಆತ ಎತ್ತು ಹೊಡೆಯುತ್ತ ಕೂರಿಗೆಯನ್ನು ಅದುಮಿ ಹಿಡಿದರೆ, ಆಕೆ ಉಡಿಯಲ್ಲಿ ಬೀಜ ತುಂಬಿಕೊಂಡು ಹಿಂದೆ ನಡೆಯುತ್ತ, ಬಟ್ಟಲಿಗೆ ಒಂದೇ ಸಮನೆ ಕಾಳು ಬಿಡುತ್ತಿದ್ದಳು. ಕೈ ಬಿಗಿಯಾದರೆ ಸಾಲು ಬರಿದಾಗುತ್ತದೆ. ಸಡಿಲಾದರೆ ಪೈರು ಒತ್ತಾಗಿ, ಇರುವ ಅಲ್ಪ ತೇವ ಯಾವುದಕ್ಕೂ ಸಾಲದಾಗುತ್ತದೆ. ಹಿಂಗಾರಿ ಬೆಳೆಯ ಅರ್ಧ ಭವಿಷ್ಯ ನಿರ್ಧಾರವಾಗುವುದು ಆ ಬೆರಳುಗಳಲ್ಲಿ. ಜೋಳದ ನಡುವೆ ಅಕ್ಕಡಿಯಾಗಿ ಕುಸುಬೆ ಬಿತ್ತಬೇಕಾದ ಸಾಲುಗಳ ಲೆಕ್ಕವನ್ನೂ ಆಕೆಯೇ ಇಟ್ಟಿದ್ದಳು. ಬೀಜವೂ ಆಕೆಯ ಆಯ್ಕೆಯೇ. ಕಳೆದ ಸುಗ್ಗಿಯಲ್ಲಿ ತುಂಬಿದ ತೆನೆಗಳನ್ನು ಆರಿಸಿ, ಬೂದಿ ಬೆರೆಸಿ ಕಾಪಿಟ್ಟಿದ್ದ ಕಾಳು ಅದು.

ರಾತ್ರಿ ಒಂಬತ್ತಕ್ಕೆ ಡೈರಿ ತೆರೆದು ಕೂಡಿಸಿದೆ. ಊಟ, ವಿಶ್ರಾಂತಿ ಕಳೆದು ಆತ ದುಡಿದದ್ದು ಹನ್ನೊಂದು ಗಂಟೆ. ಆಕೆ ದುಡಿದದ್ದು ಹದಿನೈದು ಗಂಟೆ.

ಇದು ಒಂದು ಮನೆಯ ವಿಶೇಷವಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸಿದರೆ ಪುರುಷರು ವ್ಯಯಿಸುವುದು 88 ನಿಮಿಷ. ಈ ಶ್ರಮಕ್ಕೆ ಬೆಲೆಯೇ ಇಲ್ಲವೆಂದು ಹೇಳುವಂತಿಲ್ಲ. ಬಾದಾಮಿಗೆ ಹೋದವರು ಗುಹೆಗಳನ್ನು ನೋಡಿಕೊಂಡು ಬನಶಂಕರಿಗೂ ಹೋಗಿಬರುವುದುಂಟು. ಅಲ್ಲಿ ಗುಡಿಯ ಬಳಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ತಂದ ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರನ್ನು ಕಾಸು ಕೊಟ್ಟು ಉಂಡವರೇ ನಾವೆಲ್ಲ. ಅದೇ ಜೋಳ, ಅದೇ ಕೈ, ಅದೇ ರೊಟ್ಟಿ. ಬನಶಂಕರಿಯಲ್ಲಿ ಅದು ವ್ಯಾಪಾರ. ಸ್ವಂತ ಹೊಲದ ಬದುವಿನಲ್ಲಿ ಮಾತ್ರ ಯಾವ ಲೆಕ್ಕಕ್ಕೂ ಸೇರದ ವಸ್ತು.

ಹುನಗುಂದಕ್ಕೆ ಹತ್ತಿರದ ಇಳಕಲ್ಲಿನ ಮಗ್ಗಗಳಲ್ಲೂ ಇದೇ ಕಥೆ. ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕುಣಿಕೆ ಹಾಕಿ ಜೋಡಿಸುವ ‘ಟೋಪಿ ತೆನಿ’ಯ ಸೆರಗಿಗೆ ಇಳಕಲ್ಲು ಪ್ರಸಿದ್ಧ. ಕುಣಿಮಗ್ಗದಲ್ಲಿ ಕುಳಿತು ನೇಯುವವನಿಗೆ ಸೀರೆಗಿಷ್ಟೆಂದು ಕೂಲಿ ಬರುತ್ತದೆ. ನೂಲು ಬಿಡಿಸಿ ಕಂಡಿಕೆ ಸುತ್ತಿಕೊಡುವ ಹೆಂಡತಿಯ ಪಾಲು ಆ ಕೂಲಿಯಲ್ಲೇ ಕರಗಿಹೋಗುತ್ತದೆ. ಹೊಲವಾಗಲಿ ಮಗ್ಗವಾಗಲಿ, ದುಡಿಮೆ ಇಬ್ಬರದು, ಹೆಸರು ಒಬ್ಬರದು.

ರಷ್ಯದ ಅರ್ಥಶಾಸ್ತ್ರಜ್ಞ ಚಯಾನೋವ್ 1920ರ ದಶಕದಲ್ಲೇ ಇದರ ಮರ್ಮವನ್ನು ವಿವರಿಸಿದ್ದ. ಕೂಲಿ ಕೊಟ್ಟು ನಡೆಸುವ ದೊಡ್ಡ ಬೇಸಾಯ ನಷ್ಟದಲ್ಲಿ ಮುಚ್ಚುವ ಸ್ಥಿತಿಯಲ್ಲೂ ಸಣ್ಣ ರೈತಕುಟುಂಬ ಉಳಿಯುತ್ತದೆ, ಏಕೆಂದರೆ ಅದು ತನ್ನ ಶ್ರಮಕ್ಕೆ ತಾನೇ ಕೂಲಿ ಕಟ್ಟುವುದಿಲ್ಲ. 2015-16ರ ಕೃಷಿ ಗಣತಿಯಂತೆ ನಮ್ಮ ದೇಶದ ಹಿಡುವಳಿಗಳಲ್ಲಿ ಶೇ 86ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು. ಅವು ಉಳಿದಿರುವುದರ ಹಿಂದೆ ಈ ಕಟ್ಟದ ಕೂಲಿಯಿದೆ. ಅದೇ ಗಣತಿಯ ಪ್ರಕಾರ ಹಿಡುವಳಿದಾರರಲ್ಲಿ ಮಹಿಳೆಯರ ಪಾಲು ಸುಮಾರು ಶೇ 14 ಮಾತ್ರ.

ಸರ್ಕಾರ ಈ ಶ್ರಮವನ್ನು ಪೂರ್ತಿ ಮರೆತಿದೆ ಎನ್ನಲಾಗದು. ಬೆಂಬಲ ಬೆಲೆ ನಿಗದಿಗೆ ಬಳಸುವ ವೆಚ್ಚದ ಲೆಕ್ಕದಲ್ಲಿ ಕೈಯಿಂದ ಕೊಟ್ಟ ಖರ್ಚಿನ ಜೊತೆಗೆ ಕುಟುಂಬದವರ ಶ್ರಮದ ಅಂದಾಜು ಬೆಲೆಯೂ ಸೇರುತ್ತದೆ; ಅದರ ಒಂದೂವರೆ ಪಟ್ಟು ಕೊಡುವುದು 2018-19ರ ಮುಂಗಡಪತ್ರದಿಂದೀಚೆಗಿನ ನೀತಿ. 2025-26ಕ್ಕೆ ಮಾಲ್ದಂಡಿ ಜೋಳಕ್ಕೆ ಕ್ವಿಂಟಲ್‌ಗೆ 3,749 ರೂಪಾಯಿ ನಿಗದಿಯಾಯಿತು. ಆದರೆ ಆ ಲೆಕ್ಕ ಹೊಲದ ಬದುವಿಗೇ ನಿಲ್ಲುತ್ತದೆ. ನಾಲ್ಕೂವರೆಗೆ ಹೊತ್ತಿದ ಒಲೆಯವರೆಗೆ ಅದು ಬರುವುದಿಲ್ಲ. ಬಂದ ಹಣವೂ ಯಾರ ಹೆಸರಿನಲ್ಲಿ ಪಹಣಿ ಇದೆಯೋ ಅವರ ಖಾತೆಗೇ ಹೋಗುತ್ತದೆ.

ಪಹಣಿಯ ಮಾತು ಬಂದದ್ದರಿಂದ ಒಂದು ಘಟನೆಯನ್ನು ಹೇಳಬೇಕು. ಹೋದ ವರ್ಷ ಆತ ಎತ್ತಿನ ಬಂಡಿಯಿಂದ ಬಿದ್ದು ಕಾಲು ಮುರಿದುಕೊಂಡು ಎರಡು ತಿಂಗಳು ಮಲಗಿದ. ಬಿತ್ತನೆ ನಿಲ್ಲಲಿಲ್ಲ, ನೆರೆಯವರ ಹುಡುಗನನ್ನು ಎತ್ತು ಹೊಡೆಯಲು ಕರೆದು ಆಕೆಯೇ ಬಿತ್ತಿಸಿದಳು. ಗೊಬ್ಬರಕ್ಕೆ ಸಾಲ ಬೇಕಾಗಿ ಪೇಟೆಯ ಕಚೇರಿಯೊಂದಕ್ಕೆ ಹೋದಾಗ ಅಲ್ಲಿನವರು ಕೇಳಿದ್ದು ಒಂದೇ ಪ್ರಶ್ನೆ: “ರೈತ ಎಲ್ಲಿದಾರಮ್ಮ? ಅವರನ್ನ ಕಳಿಸ್ರಿ.” ಆಕೆ ಮರಳಿ ಬಂದು ಕಿವಿಯ ಬೆಂಡೋಲೆ ಒತ್ತೆಯಿಟ್ಟಳು. ಅದು ಇನ್ನೂ ಬಿಡುಗಡೆಯಾಗಿಲ್ಲ.

ಆ ಗುಮಾಸ್ತನ ಮೇಲೆ ಸಿಟ್ಟಾಗುವ ಅರ್ಹತೆ ನನಗಿಲ್ಲ. ಮೂವತ್ತು ವರ್ಷಗಳಲ್ಲಿ ನಾನೂ ಅದೇ ಪ್ರಶ್ನೆಯನ್ನು ನೂರಾರು ಹೆಣ್ಣುಮಕ್ಕಳಿಗೆ ಕೇಳಿದ್ದೇನೆ. ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಗಣಕಯಂತ್ರಕ್ಕೆ ಏರಿದಾಗ ನಾವೆಲ್ಲ ಹೆಮ್ಮೆಪಟ್ಟಿದ್ದೆವು. ಅದು ಸಣ್ಣ ಸಾಧನೆಯಲ್ಲ. ಆದರೆ ಕೈಬರಹದ ಪುಸ್ತಕದಲ್ಲಿ ಇಲ್ಲದ ಹೆಸರು ಯಂತ್ರದಲ್ಲೂ ಬರಲಿಲ್ಲ. ಬರಬೇಕಿತ್ತೆಂಬ ಯೋಚನೆ ಆಗ ನನಗೂ ಹೊಳೆಯಲಿಲ್ಲ.

ಬೇರೆ ದೇಶಗಳು ಈ ದಿಕ್ಕಿನಲ್ಲಿ ಕೆಲವು ಹೆಜ್ಜೆ ಇಟ್ಟಿವೆ. ಫ್ರಾನ್ಸ್ 1999ರ ಕೃಷಿ ಕಾನೂನಿನಲ್ಲಿ ರೈತನೊಡನೆ ದುಡಿಯುವ ಬಾಳಸಂಗಾತಿಗೆ ಸಹಭಾಗಿಯೆಂಬ ಕಾನೂನುಬದ್ಧ ಸ್ಥಾನ ಕೊಟ್ಟಿತು. ನಮ್ಮಲ್ಲೂ ಮಾತಿಗೆ ಕೊರತೆಯಿಲ್ಲ. ಸ್ವಾಮಿನಾಥನ್ ಅಧ್ಯಕ್ಷತೆಯ ರೈತ ಆಯೋಗದ ನಂತರ ಬಂದ 2007ರ ರಾಷ್ಟ್ರೀಯ ರೈತ ನೀತಿ, ‘ರೈತ’ ಎಂಬ ಪದವನ್ನು ಭೂಮಾಲೀಕನಿಗಷ್ಟೇ ಸೀಮಿತಗೊಳಿಸದೆ ಗೇಣಿದಾರರನ್ನೂ ಕೃಷಿ ಕಾರ್ಮಿಕರನ್ನೂ ಒಳಗೊಂಡಿತು. ಗಂಡಹೆಂಡಿರ ಜಂಟಿ ಪಟ್ಟಾದ ಅಗತ್ಯವನ್ನೂ ಒತ್ತಿ ಹೇಳಿತು. 2026ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಮಹಿಳಾ ರೈತರ ವರ್ಷವೆಂದು ಘೋಷಿಸಿದೆ. ಉತ್ಸವ, ಸನ್ಮಾನ, ಶಾಲುಗಳಿಗಿಂತ ಪಹಣಿಯಲ್ಲಿ ಎರಡನೆಯ ಹೆಸರಿಗೊಂದು ಜಾಗ, ಸಾಲ ಮತ್ತು ಬೆಳೆವಿಮೆಯ ಅರ್ಜಿಯಲ್ಲಿ ಎರಡನೆಯ ಸಹಿಗೊಂದು ಸಾಲು ಸಿಕ್ಕರೆ ಈ ಸೀಮೆಯ ಹೆಣ್ಣುಮಕ್ಕಳಿಗೆ ಹೆಚ್ಚು ಉಪಕಾರವಾದೀತು. ಹಿಡುವಳಿ ಒಡೆದುಹೋಗುತ್ತದೆ ಎಂಬ ಆಕ್ಷೇಪವಿದೆ. ಜಂಟಿ ಹೆಸರು ಹೊಲವನ್ನು ಒಡೆಯುವುದಿಲ್ಲ; ಒಬ್ಬನೇ ಗುಟ್ಟಾಗಿ ಮಾರುವುದನ್ನು ತಡೆಯುತ್ತದೆ.

ಶೀಗಿ ಹುಣ್ಣಿಮೆಯ ದಿನ ಈ ದಂಪತಿ ಹೊಲಕ್ಕೆ ಎಡೆ ಒಯ್ದು ಚರಗ ಚೆಲ್ಲುತ್ತಾರೆ. ಭೂಮಿತಾಯಿ ಬಸಿರಾಗಿದ್ದಾಳೆ, ಅವಳ ಬಯಕೆ ತೀರಿಸಬೇಕು ಎಂಬುದು ಆ ಹಬ್ಬದ ಭಾವನೆ. ನೆಲವನ್ನು ಹೆಣ್ಣೆಂದು ಪೂಜಿಸುವ ನಮಗೆ ಹೆಣ್ಣಿನ ಹೆಸರಿಗೆ ನೆಲ ಬರೆಯುವುದು ಇಷ್ಟು ಕಷ್ಟವೇಕೆ ಎಂದು ರಾತ್ರಿ ಕಟ್ಟೆಯ ಮೇಲೆ ಕುಳಿತಾಗ ಕೇಳಿದೆ. ಆಕೆ ನಕ್ಕಳು. “ಹೆಸರ ತಗೊಂಡು ಏನ ಮಾಡೂದೈತ್ರಿ ಸಾಹೇಬ್ರ? ಯಾರ ದುಡಿತಾರ ಅನ್ನೂದು ನೆಲಕ್ಕ ಗೊತ್ತೈತಿ.”

ಮಾತು ಚೆಂದವಾಗಿತ್ತು. ಆದರೆ ನೆಲಕ್ಕೆ ಗೊತ್ತಿರುವುದು ಕಚೇರಿಗೆ ಗೊತ್ತಿರಲಿಲ್ಲವೆಂದೇ ಬೆಂಡೋಲೆ ಒತ್ತೆ ಹೋದದ್ದು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಕೆ ಒಳಗೆ ಹೋದ ಮೇಲೆ ಕೇಳಿದ: “ಇಬ್ಬರ ಹೆಸರಿಗೆ ಮಾಡಾಕ ಏನೇನ ಕಾಗದ ಬೇಕಾಗ್ತಾವ್ರಿ?”

ಡೈರಿಯ ಹಾಳೆ ಹರಿದು, ಬೇಕಾದ ಕಾಗದಗಳ ಪಟ್ಟಿ ಬರೆದುಕೊಟ್ಟು ಬಂದಿದ್ದೇನೆ. ಜೋಳ ತೆನೆ ಕಟ್ಟುವ ಹೊತ್ತಿಗೆ ಮತ್ತೊಮ್ಮೆ ಹೋಗಿ ನೋಡಬೇಕು.